ಬಲಗೆನ್ನೆ

ಕುರ್ಚಿಯ ಧೂಳನ್ನು ಸೆರಗಿನಿಂದಲೇ ಒರೆಸಿ ಕೂತ್ಕಳಿ ಮೇಡಂ ಅಂದಳು ಮಾದಮ್ಮ, ಇದೇ ಸೆರಗಿನಿಂದ ತಾನೇ ಮಗಳು ಶಿವಾನಿಯ ಮೂಗು ಒರೆಸಿದ್ದು, ಬಾಯಿ ಒರೆಸಿದ್ದು, ಎಂದುಕೊಂಡಳು ಮೈತ್ರೇಯಿ — ಹೊಟ್ಟೆಕಿಚ್ಚು ಕಣೇ ಇದು, ಬೇರೆ ಹೆಸರು ಹುಡುಕಬೇಡ, ನಂಜನಗೂಡಿನ ಮಕ್ಕಳ ಆಶ್ರಯಧಾಮದಲ್ಲಿ ಹದಿನಾಲ್ಕು ವರ್ಷ ದುಡಿದವಳು, ಬೀದಿಪಾಲಾದ ಎಷ್ಟೋ ಮಕ್ಕಳನ್ನು ಅವರವರ ಮನೆ ಮುಟ್ಟಿಸಿ ವಾಪಸ್ ಬಸ್ಸಿನಲ್ಲಿ ಹಾಯಾಗಿ ಗೊರಕೆ ಹೊಡೆದವಳು, ಇವತ್ತು ಮುಡುಕುತೊರೆಯ ಈ ಜಗಲಿಯಲ್ಲಿ ಒಬ್ಬ ಕೂಲಿ ಹೆಂಗಸಿನ ಸೆರಗು ಕಂಡು ಒಳಗೊಳಗೇ ಉರಿಯುತ್ತಿದ್ದಾಳೆ, ನಾಚಿಕೆಯಾಗಬೇಕು, ಆಗುತ್ತಿಲ್ಲ. ತೊಡೆಯ ಮೇಲೆ ಮನೆ ತನಿಖೆಯ ಫಾರಂ, ಕೊನೆಯ ಪ್ರಶ್ನೆಯೊಂದೇ ಬಾಕಿ, ಮಗುವನ್ನು ಈ ಮನೆಗೆ ಕಳಿಸಬಹುದೇ, ಇಲ್ಲ ಎಂದು ಬರೆದುಬಿಟ್ಟರೆ ಶಿವಾನಿ ನನ್ನ ಹತ್ತಿರವೇ ಉಳಿಯುತ್ತಾಳೆ, ಕೇಳುವವರು ಯಾರು, ಈ ಹೆಂಗಸೇ ಕಾರಣ ಕೈಗಿಡುತ್ತಿದ್ದಾಳಲ್ಲ — ನಾನೇ ಒಡ್ದೆ ಮೇಡಂ, ನರಸೀಪುರದ ಸಂತೇಲಿ ಬಳೆ ಬೇಕು ಅಂತ ಅಟ ಮಾಡ್ತು, ಎಲ್ಲಾರ ಮುಂದೆ ಬಾರಿಸ್ಬುಟ್ಟೆ, ತಿರುಗಿ ನೋಡುದ್ರೆ ಕೂಸು ಇಲ್ಲ, ಫೋಟೋ ಇಟ್ಕಂಡು ತಲಕಾಡು ಬನ್ನೂರು ಎಲ್ಲಾ ಉಡುಕ್ದೆ, ನಂಜನಗೂಡು ಬಸ್ಸತ್ಕಂಡು ಓಯ್ತದೆ ಅಂತ ಕನಸು ಕಂಡಿದ್ನಾ, ಬರ್ಕಳಿ, ಸುಳ್ಳು ಯಾಕೇಳ್ಲಿ.

ಬರೆದುಕೊಳ್ಳುತ್ತೇನೆ ತಾಯಿ, ಬರೆದುಕೊಳ್ಳದೆ ಏನು, ನಾನು ಒಂದು ದಿನ ಕೈ ಎತ್ತಿದವಳಲ್ಲ, ಕಪಿಲೆಯ ಸ್ನಾನಘಟ್ಟದಲ್ಲಿ ಯಾತ್ರಿಕರ ಮುಂದೆ ಕೈ ಚಾಚುತ್ತಿದ್ದವಳನ್ನು ಕರೆತಂದು ಐದು ತಿಂಗಳು ಹೇನು ಹೆಕ್ಕಿದ್ದು ಯಾರು, ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಹಾಕಿದ್ದು ಯಾರು, ಆ ಜ್ವರದಲ್ಲಿ ಕರೆದಿದ್ದು ಮಾತ್ರ ಅವ್ವಾ ಅಂತ, ಇವಳನ್ನು. ದಿನಾ ಸಂಜೆ ಎದುರು ಕೂರಿಸಿಕೊಂಡು ಕತೆ ಹೇಳಿದರೆ ಕತ್ತು ಹೊರಳಿಸಿ ಬಾಗಿಲ ಕಡೆ ನೋಡುತ್ತಾ ಕೂರುತ್ತಿದ್ದಳು, ನನ್ನ ಪಾಲಿಗೆ ಬರೀ ಬಲಗೆನ್ನೆ — ಬಾಗಿಲಲ್ಲಿ ಯಾರು ಬರಬೇಕಿತ್ತು, ಇವಳೇ ತಾನೇ, ಊಟಕ್ಕೆ ಕೂತಾಗ ಬುದ್ಧಿ ಹೇಳಿದರೂ ಬಲಗೆನ್ನೆ, ಮುದ್ದು ಮಾಡಿ ಮಾತಾಡಿಸಿದರೂ ಬಲಗೆನ್ನೆ, ಅಡುಗೆಯ ದೊಡ್ಡಮ್ಮ ಗದರಿದರೆ ಮಾತ್ರ ನೆಟ್ಟಗೆ ಅವಳ ಮುಖವನ್ನೇ ನೋಡುತ್ತಿದ್ದಳು, ಅದಕ್ಕೂ ಹೊಟ್ಟೆ ಉರಿದಿದೆ ನನಗೆ. ಪೆನ್ನು ಇಲ್ಲ ಎಂಬುದರ ಇ ಬರೆಯಿತು.

ಎಡಗಿವಿ ಇನ್ನೂ ಸೋರ್ತದಾ ಮೇಡಂ, ಅತ್ತಿ ಇಕ್ತಿದ್ರಾ, ಅಂದಳು ಮಾದಮ್ಮ, ಯಾವ ಕಿವಿ, ಅಂದಳು ಮೈತ್ರೇಯಿ, ಎಡಗಿವಿ ಮೇಡಂ, ಅದ್ರಲ್ಲಿ ಅದ್ಕೆ ಏನೂ ಕೇಳ್ಸಕಿಲ್ಲ, ಕೇಳ್ಬೇಕು ಅನ್ನುಸ್ದಾಗ ಮಖ ಆ ಕಡಿಕ್ ಮಾಡಿ ಬಲಗಿವಿ ಕೊಟ್ಕಂಡು ಕೂತ್ಕತದೆ, ಬ್ಯಾಡ ಅನ್ಸುದ್ರೆ ನೆಟ್ಗೆ ನಿಮ್ಮನ್ನೇ ನೋಡ್ತದೆ, ಒಂದಕ್ಷರಾನೂ ಕಿವಿಗಾಕಳಕಿಲ್ಲ ಕಳ್ಳಿ — ಮಾದಮ್ಮ ನಗುತ್ತಾ ಅಳುತ್ತಿದ್ದಾಳೆ, ಐದು ತಿಂಗಳು ನನಗೆ ಗೊತ್ತಾಗದ ಕಿವಿ ಇವಳಿಗೆ ಗೊತ್ತು, ಇವಳಿಗಷ್ಟೇ ಗೊತ್ತು, ಮೈತ್ರೇಯಿ ಆ ಅಕ್ಷರದ ಮೇಲೆ ಗೀಟು ಎಳೆದು ಕಳಿಸಬಹುದು ಎಂದು ಬರೆದಳು, ಕೆಳಗೆ ಸಹಿ ಹಾಕಬೇಕು, ಹಾಗಾದರೆ ಅಷ್ಟು ಸಂಜೆಯೂ ಅವಳು ಬಾಗಿಲು ಕಾಯುತ್ತಿರಲಿಲ್ಲ, ನನ್ನ ಕತೆ ಕೇಳುತ್ತಿದ್ದಳು, ನನ್ನದು — ಸಹಿ ಹಾಕಬೇಕು, ಬಾಗಿಲ ಕಡೆ ಮುಖ, ಈ ಕಡೆಗೆ ಬಲಗೆನ್ನೆ, ಸಹಿ ಹಾಕಬೇಕು, ಆ ಬಲಗೆನ್ನೆ —