ನಾನು ಸುಟ್ಟಿರಲಿಲ್ಲ

ನಾನು ಒಂದು ವೈಪರ್ ಮೋಟರ್. ಕಾರಿನ ಗಾಜು ಒರೆಸುವ ಎರಡು ಕಡ್ಡಿಗಳನ್ನು ಎಲ್ಲರೂ ಬಲ್ಲರು. ಅವನ್ನು ಆಡಿಸುವ ನನ್ನನ್ನು ಯಾರೂ ಕೇಳುವುದಿಲ್ಲ. ಕಡ್ಡಿ ನಿಂತರೆ ಮಾತ್ರ ಮೊದಲ ಬೈಗುಳ ನನಗೇ. ಅದಕ್ಕೇ ನನ್ನ ಕಥೆಯನ್ನು ನಾನೇ ಹೇಳುತ್ತಿದ್ದೇನೆ, ಯಾರ ಮುಲಾಜೂ ಇಲ್ಲದೆ.

ಹುಟ್ಟಿದ್ದು ಕಾರ್ಖಾನೆಯಲ್ಲಿ. ತಾಮ್ರದ ತಂತಿ ಸುತ್ತಿದರು, ಅಯಸ್ಕಾಂತಗಳ ನಡುವೆ ಕೂರಿಸಿದರು, ಹಲ್ಲಿನ ಚಕ್ರಕ್ಕೆ ಗ್ರೀಸ್ ತುಂಬಿದರು. ಕೊನೆಗೆ ಒಬ್ಬಾಕೆ ಬ್ಯಾಟರಿಯ ಎರಡು ತಂತಿ ತಾಗಿಸಿ ನೋಡಿದಳು. ನಾನು ತಿರುಗಿದೆ. ಆಕೆ ತಲೆಯಾಡಿಸಿ ಪಕ್ಕದ ಮೋಟರಿಗೆ ಕೈ ಹಾಕಿದಳು.

ನನ್ನ ಜಾಗ ಬಾನೆಟ್ಟಿನ ಕೆಳಗೆ, ಗಾಜಿನ ಬುಡದಲ್ಲಿ. ಮಳೆಯನ್ನು ಕಣ್ಣಾರೆ ಕಂಡಿಲ್ಲ; ಕಡ್ಡಿಗಳ ಮೇಲೆ ಬೀಳುವ ಭಾರದಿಂದ ಬಲ್ಲೆ. ಮೊದಲ ಒಡೆಯರು ಗದಗಿನ ಕಾಲೇಜಿನ ಮಾಸ್ತರು. ಮೋಡ ಕಂಡರೆ ಕಾರನ್ನು ಹೊರಗೇ ತೆಗೆಯುತ್ತಿರಲಿಲ್ಲ. ಎಂಟು ವರ್ಷ ನಾನು ಕೂತು ಉಂಡೆ. ಆಮೇಲೆ ಕಾರನ್ನು ಕೊಂಡು ಟ್ಯಾಕ್ಸಿ ಮಾಡಿಕೊಂಡವನು ದ್ಯಾಮಪ್ಪ. ಅವನ ಕಾಲದಲ್ಲಿ ಕಾರವಾರದ ಘಟ್ಟ ಇಳಿಯುವಾಗ ಮೂರು ತಾಸು ಬಿಡುವಿಲ್ಲದೆ ದುಡಿದಿದ್ದೇನೆ.

ಒಂದು ಮಹಾನವಮಿಯಲ್ಲಿ ಎಡವಟ್ಟಾಯಿತು. ಪೂಜೆ ಮಾಡಿದ ದ್ಯಾಮಪ್ಪ ಚೆಂಡುಹೂವಿನ ದಪ್ಪ ಹಾರವನ್ನು ವೈಪರ್ ಕಡ್ಡಿಗಳಿಗೇ ಬಿಗಿದು ಕಟ್ಟಿದ. ಸಂಜೆ ಹನಿ ಬಿದ್ದಾಗ ಹಾರದ ನೆನಪಿಲ್ಲದೆ ಸ್ವಿಚ್ ಹಾಕಿದ. ತಿರುಗಲಾರದೆ ನಾನು ಗುರುಗುಟ್ಟಿದೆ; ಫ್ಯೂಸ್ ತಾನು ಸುಟ್ಟು ನನ್ನನ್ನು ಉಳಿಸಿತು. ಹೊಸ ಫ್ಯೂಸ್ ಹಾಕಿದ ಕೂಡಲೇ ಮತ್ತೆ ಓಡಿದೆ. ಆದರೂ ಅಂದಿನಿಂದ ಅವನಿಗೆ ನನ್ನ ಮೇಲೆ ನಂಬಿಕೆ ಹೋಯಿತು. ಹಾರ ಕಟ್ಟಿದವನು ಅವನು, ಕೆಟ್ಟ ಹೆಸರು ನನಗೆ.

ಎರಡು ವರ್ಷ ಕಳೆದು ಗಾಡಿಯ ಪಾಸಿಂಗ್ ಬಂತು. ಅಂದರೆ ಟ್ಯಾಕ್ಸಿಯನ್ನು ಸಾರಿಗೆ ಕಚೇರಿಗೆ ಒಯ್ದು, ಓಡಿಸಲು ಯೋಗ್ಯವೆಂದು ಬರೆಸಿಕೊಂಡು ಬರುವ ದಿನ. ಪಾಸಿಂಗ್ ಎಂದರೆ ನಮ್ಮ ಕಡೆ ಮೊದಲು ಬಣ್ಣ. ಪೇಂಟರ್ ನನ್ನನ್ನು ಬಿಚ್ಚಿ ಪಕ್ಕಕ್ಕಿಟ್ಟು, ನಾನು ಕೂರುವ ಜಾಗಕ್ಕೂ ಧಾರಾಳವಾಗಿ ಬಣ್ಣ ಹೊಡೆದು, ಮತ್ತೆ ಕೂರಿಸಿದ. ಮರುದಿನ ದ್ಯಾಮಪ್ಪ ಸ್ವಿಚ್ ಹಾಕಿದರೆ ನನ್ನಿಂದ ಸದ್ದೇ ಇಲ್ಲ. ಫ್ಯೂಸ್ ನೋಡಿದ, ಸರಿಯಿತ್ತು. ಗ್ಯಾರೇಜಿನ ಈರಣ್ಣ ಬಾನೆಟ್ ಎತ್ತಿ, ನನ್ನನ್ನು ಮುಟ್ಟದೆಯೇ, ಮೋಟರ್ ಸುಟ್ಟಿದೆ, ಕಿತ್ತು ಗುಜರಿಗೆ ಹಾಕು ಎಂದ. ಹೊಸದು ಹುಬ್ಬಳ್ಳಿಯಿಂದ ಬರಲು ಎರಡು ದಿನ. ಪಾಸಿಂಗ್ ನಾಳೆ. ತಪ್ಪಿದರೆ ಗಾಡಿ ರಸ್ತೆಗೆ ಇಳಿಯುವಂತಿಲ್ಲ.

ಸುಟ್ಟ ಮೋಟರಿಗೆ ಒಂದು ಕಮರು ವಾಸನೆ ಇರುತ್ತದೆ. ಮೂಸಿಯಾದರೂ ನೋಡಬಾರದಿತ್ತೇ? ಸಿಟ್ಟಿನಿಂದ ಕುದಿದೆ. ಕೂಗಿ ಹೇಳೋಣವೆಂದರೆ ಬಾಯಿಲ್ಲ.

ಬೇರೆ ದಾರಿ ಕಾಣದೆ ದ್ಯಾಮಪ್ಪ ಕಾರನ್ನು ಮಾಬೂಬಿಯವರ ಅಂಗಡಿಗೆ ತಂದ. ಗಂಡ ತೀರಿಕೊಂಡ ಮೇಲೆ ಅವರ ಆಟೋ ಎಲೆಕ್ಟ್ರಿಕ್ ಅಂಗಡಿಯನ್ನು ಮುಚ್ಚದೆ ತಾವೇ ನಡೆಸುತ್ತಿದ್ದ ಗಟ್ಟಿಗಿತ್ತಿ ಅವರು. ಹೆಂಗಸಿಗೆ ವೈರಿಂಗ್ ಏನು ತಿಳಿಯುತ್ತದೆ ಎಂದು ಆಡಿಕೊಳ್ಳುತ್ತಿದ್ದವರಲ್ಲಿ ದ್ಯಾಮಪ್ಪನೂ ಒಬ್ಬ. ಈಗಲೂ ಅವನು ಕೇಳಿದ್ದು, ಹಳೆಯ ಮೋಟರ್ ಯಾವುದಾದರೂ ಬಿದ್ದಿದೆಯೇ ಎಂದು. ಮಾಬೂಬಿ ಒಣ ಗಾಜಿನ ಮೇಲೆ ಕಡ್ಡಿ ಓಡಬಾರದೆಂದು ಒಂದು ಚೊಂಬು ನೀರು ಸುರಿದರು. ಸ್ವಿಚ್ ಹಾಕಿಸಿ ಬಗ್ಗಿ ಕಿವಿಗೊಟ್ಟರು. ಆಮೇಲೆ ಮೂಸಿ ನೋಡಿದರು. ಆ ಕ್ಷಣವೇ ನಾನು ಅವರ ಕಡೆಯವನಾದೆ.

ತಂತಿ ಕಟ್ಟಿದ ಪುಟ್ಟ ಬಲ್ಬಿನ ಒಂದು ತುದಿಯನ್ನು ನನಗೆ ಕರೆಂಟು ತರುವ ತಂತಿಗೂ, ಇನ್ನೊಂದನ್ನು ಬ್ಯಾಟರಿಯ ಮೈನಸ್ಸಿಗೂ ಹಿಡಿದರು. ಉರಿಯಿತು. ಮೈನಸ್ಸಿನ ತುದಿಯನ್ನು ತೆಗೆದು ನನ್ನ ಮೈಗೆ ತಾಗಿಸಿದರು. ಉರಿಯಲಿಲ್ಲ. ಕರೆಂಟು ಬರುತ್ತಿತ್ತು, ಹಿಂದಿರುಗುವ ದಾರಿ ಮುಚ್ಚಿತ್ತು.

"ಸುಟ್ಟೈತಿ ಅಂತ ಈರಣ್ಣ ಹೇಳ್ಯಾನ್ರಿ ಅಕ್ಕಾರ," ಎಂದ ದ್ಯಾಮಪ್ಪ.

"ಈರಣ್ಣ ಹೇಳ್ಯಾನ. ಮೋಟರ್‌ನ ಯಾರರ ಕೇಳ್ಯಾರೇನು?" ಎಂದರು ಮಾಬೂಬಿ.

ಬ್ಯಾಟರಿಯ ಮೈನಸ್ಸಿನಿಂದ ಒಂದು ತಂತಿ ಎಳೆದು ನನ್ನ ಮೈಗೆ ಒತ್ತಿದರು. ಎಂಥ ಓಟ ಓಡಿದೆನೆಂದರೆ ಕಡ್ಡಿಗಳು ನೀರು ಎರಚಿ ದ್ಯಾಮಪ್ಪನ ಅಂಗಿ ತೋಯಿಸಿದವು. ಬೇಕೆಂದೇ ತೋಯಿಸಿದೆ, ಸುಳ್ಳೇಕೆ ಹೇಳಲಿ.

ಕಾರಿನ ತಗಡೇ ನನ್ನ ಮೈನಸ್ ತಂತಿ. ಬೋಲ್ಟಿನ ಕೆಳಗೆ ಹೊಸ ಬಣ್ಣ ಕೂತು ನನ್ನ ಮೈ ತಗಡಿಗೆ ತಾಗದಂತಾಗಿತ್ತು. ಮಾಬೂಬಿ ಅಷ್ಟು ಜಾಗವನ್ನು ಮರಳು ಕಾಗದದಿಂದ ಉಜ್ಜಿ, ತಗಡು ಹೊಳೆದ ಮೇಲೆ ಬೋಲ್ಟ್ ಬಿಗಿದರು. ಹುಬ್ಬಳ್ಳಿಯಿಂದ ಹೊಸ ಮೋಟರ್ ಬಂದಿದ್ದರೂ ಆ ಬಣ್ಣದ ಮೇಲೆ ಮೂಕವಾಗಿಯೇ ಕೂರುತ್ತಿತ್ತು. ಮರುದಿನ ಪಾಸಿಂಗ್ ಆಯಿತು.

ಅದಾದ ಮೇಲೆ ಹನ್ನೊಂದು ವರ್ಷ ದುಡಿದೆ. ಕಡೆಗೆ ಎಂಜಿನ್ ಸೋತು ಕಾರು ಗುಜರಿಗೆ ಹೊರಟಾಗ, ದ್ಯಾಮಪ್ಪ ತಾನೇ ನನ್ನನ್ನು ಬಿಚ್ಚಿ, ಕೈಚೀಲದಲ್ಲಿ ತಂದು ಮಾಬೂಬಿಯವರ ಮುಂದಿಟ್ಟ.

"ಇದನ್ನ ಗುಜರಿಗೆ ಹಾಕಾಕ ಮನಸ್ ಬರಲಿಲ್ರಿ. ಇದಕ್ಕೂ ನಿಮಗೂ ನಾ ಅನ್ಯಾಯ ಮಾಡಿದ್ದೆ," ಎಂದ.

ಈಗ ಅಂಗಡಿಯ ಮೇಜಿನ ಮೂಲೆಯಲ್ಲಿದ್ದೇನೆ. ಒಳಗೆ ಸವೆದು, ತಿರುಗಿದರೆ ಕರಕರ ಎನ್ನುತ್ತೇನೆ. ಮಾಬೂಬಿಯವರ ತಲೆಯೂ ಬೆಳ್ಳಗಾಗಿದೆ. ಹೋದ ವಾರ ಒಬ್ಬ ಗಿರಾಕಿ ಅವರನ್ನು ನೋಡಿ, ನನ್ನನ್ನೂ ನೋಡಿ, ಕೆಲಸ ಬಲ್ಲವರು ಯಾರೂ ಇಲ್ಲವೇ ಎಂದು ಕೇಳಿದ. ಅವರು ಬ್ಯಾಟರಿಯ ಎರಡು ತಂತಿ ಎತ್ತಿ ನನಗೆ ತಾಗಿಸಿದರು. ಇದ್ದ ಶಕ್ತಿಯೆಲ್ಲ ಹಾಕಿ, ಅಂಗಡಿಗೆಲ್ಲ ಕೇಳುವಂತೆ ತಿರುಗಿದೆ. ಗಿರಾಕಿ ತೆಪ್ಪಗೆ ಹೋಗಿ ತನ್ನ ಕಾರಿನ ಬಾನೆಟ್ ಎತ್ತಿದ.

ನಿಂತವರನ್ನೆಲ್ಲ ಸುಟ್ಟುಹೋದರು, ಸತ್ತರು ಎನ್ನಬೇಡಿ. ಮೊದಲು ಎರಡು ತಂತಿ ತಾಗಿಸಿ ನೋಡಿ. ಗುಜರಿಯ ಮಾತು ಆಮೇಲೆ.