ಹದಿನೇಳು ಗೇಟು, ಒಂದು ಬಸ್ಸು

ನಮ್ಮ ಹಳ್ಳಿ ಸಾಂತಾ ಒತಿಲಿಯಾದಲ್ಲಿ ಬೆಳಿಗ್ಗೆ ಮೊದಲು ಬರುವುದು ಶಾಲಾ ಬಸ್ಸಿನ ಸದ್ದು. ಸದ್ದು ಬಂದು ಅರ್ಧ ಗಂಟೆಯಾದರೂ ಬಸ್ಸು ಬರುವುದಿಲ್ಲ. ಮಕ್ಕಳು ಒಲೆಗೂ ಗೇಟಿಗೂ ಓಡಾಡುತ್ತವೆ. ನಾನೂ ಓಡಾಡುತ್ತೇನೆ. "ಬಂತೇನೋ?" ಎಂದು ನಾನು ಕೇಳುವುದು, "ಇಲ್ಲಮ್ಮಾ!" ಎಂದು ಮಗ ಕೂಗುವುದು, ಕಟ್ಟಿದ ಬುತ್ತಿ ಆರುವುದು. ಏಳಕ್ಕೆ ಗಂಟೆ ಹೊಡೆಯುವ ಶಾಲೆಗೆ ನಮ್ಮ ಮಕ್ಕಳು ಹೋಗಿ ಇಳಿಯುತ್ತಿದ್ದದ್ದು ಏಳೂವರೆಗೆ.

ಬಸ್ಸು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂಬುದು ಗುಟ್ಟೇನಲ್ಲ. ಹದಿನೇಳು ಮನೆ, ಹದಿನೇಳು ಗೇಟು. ಪ್ರತಿ ಗೇಟಿನಲ್ಲೂ ಡ್ರೈವರ್ ಸೆಫೆರಿನೊಗೆ ಒಂದು ಸೋರೆಬುರುಡೆ ತುಂಬ ಬಿಸಿ ಮಾಟೆ, ನಮ್ಮ ಕಡೆಯ ಎಲೆಯ ಕಷಾಯ. ಚಾಚಿದ ಬುರುಡೆಯನ್ನು ಒಂದು ಗುಟುಕೂ ಹೀರದೆ "ಬೇಡ" ಎಂದರೆ ಆ ಮನೆಯವರ ಮುಖಕ್ಕೆ ಹೊಡೆದ ಹಾಗೆ. ಅವನು ಪಾಪ, ಕಿಟಕಿಯಿಂದ ಕೈ ಚಾಚಿ, ಹೀರುವ ಕೊಳವೆ ಬಾಯಿಗಿಟ್ಟು, ಹಸುವಿನ ಯೋಗಕ್ಷೇಮ ಕೇಳಿ, ಬುರುಡೆ ಹಿಂದಕ್ಕೆ ಕೊಟ್ಟು ಹೊರಡಬೇಕು. ಅಷ್ಟು ಹೊತ್ತೂ ಎಂಜಿನ್ ಓಡುತ್ತಲೇ ಇರುತ್ತದೆ, ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗುವುದಿಲ್ಲವೆಂಬ ಭಯ. ನಮ್ಮ ಗೇಟಿನಲ್ಲಂತೂ ಮಾಟೆಯ ಜೊತೆಗೆ ಬಿಸಿ ರೊಟ್ಟಿಯೂ ಇರುತ್ತಿತ್ತು. ಒಳ್ಳೆಯವಳು ಅನ್ನಿಸಿಕೊಳ್ಳುವ ಆಸೆ ನನಗೇನು ಕಡಿಮೆಯೇ?

ಜೂನ್ ತಿಂಗಳಲ್ಲಿ, ನಮ್ಮ ಕಡೆ ಚಳಿಗಾಲ ಶುರುವಾಗುವ ಹೊತ್ತಿಗೆ, ಪೋಷಕರ ಸಭೆ ಸೇರಿತು. ಡೀಸೆಲ್ಲಿಗೆಂದು ಮನೆಮನೆಯಿಂದ ಕೂಡಿಸುವ ದುಡ್ಡು ಸಾಲುತ್ತಿಲ್ಲ. ಪಾಲು ಹೆಚ್ಚಾಯಿತೆಂದು ನಾಲ್ಕು ಮನೆಯವರು ಮೊದಲೇ ಬಿಟ್ಟಿದ್ದರು. ಅವರು ಬಿಟ್ಟಿದ್ದಕ್ಕೆ ಉಳಿದ ಹದಿನೇಳು ಮನೆಯವರ ಪಾಲು ಇನ್ನೂ ಹೆಚ್ಚಾಗಿತ್ತು. "ಹೀಗೇ ಆದ್ರೆ ಚಳಿಗಾಲದ ರಜೆ ಮುಗಿದ ಮೇಲೆ ಬಸ್ಸಿಲ್ಲ" ಎಂದರು ಅಧ್ಯಕ್ಷರು. ಶಾಲೆ ಹನ್ನೊಂದು ಕಿಲೋಮೀಟರ್ ದೂರ.

ಆಗ ಹಿಂದಿನ ಬೆಂಚಿನಿಂದ ಸತುರ್ನಿನಾ ಅಜ್ಜಿ ಎದ್ದರು. ಊರ ಕೊನೆಯ ಓಣಿಯಲ್ಲಿ, ತಾಯಿಯಿಲ್ಲದ ಮೊಮ್ಮಗಳು ನಿಮಿಯಾಳನ್ನು ಸಾಕಿಕೊಂಡಿರುವವರು ಅವರು. ಹುಡುಗಿಗೆ ಹದಿಮೂರು.

"ಬಸ್ಸು ನಿಂತ್ರೆ ನಿಂತ್ಕೊಳ್ಲಿ. ನಾನು ನಿಮಿಯಾನ ರಾಜಧಾನಿ ಅಸುನ್ಸಿಯೋನ್‌ಗೆ ಕಳಿಸ್ತೀನಿ. ದೊಡ್ಡ ಮನೆ ನೋಡಿದೀನಿ. ಅವರ ಮನೆ ಕೆಲಸ ಮಾಡ್ಕೊಂಡು ಅಲ್ಲೇ ಓದ್ತಾಳೆ."

ಹಾಗೆ ಹೋದ ಮಕ್ಕಳು ಎಷ್ಟು ಓದುತ್ತಾರೆ ಎಂದು ನಮಗೆಲ್ಲ ಗೊತ್ತು. ಅದೇ ಬೆಂಚಿನಲ್ಲಿ ನಿಮಿಯಾ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು.

ಮರುದಿನ ಬೆಳಿಗ್ಗೆ ನಮ್ಮೂರ ಸುನಿಲ್ಡಾ ಬಸ್ಸು ಹತ್ತಿದಳು. ಇಪ್ಪತ್ತೆರಡು ವರ್ಷ ಹೆದ್ದಾರಿಯ ಬಸ್ಸುಗಳಲ್ಲಿ ಬುಟ್ಟಿ ಹೊತ್ತು ಚಿಪಾ ರೊಟ್ಟಿ ಮಾರಿದವಳು. ಎಂಜಿನ್ನಿನ ಸದ್ದು ಕೇಳಿಯೇ ಅದರ ಕಾಯಿಲೆ ಹೇಳುತ್ತಾಳೆ. ಸೆಫೆರಿನೊನ ಪಕ್ಕ ಕೂತು, ತೊಡೆಯ ಮೇಲೆ ಒಂದು ಖಾಲಿ ಡಬ್ಬಿ, ಮಡಿಲಲ್ಲಿ ಒಂದು ಹಿಡಿ ಮೆಕ್ಕೆಜೋಳ. ಬಸ್ಸು ಸುಮ್ಮನೆ ನಿಂತು ಎಂಜಿನ್ ಓಡುವ ಪ್ರತಿ ನಿಮಿಷಕ್ಕೂ ಡಬ್ಬಿಗೆ ಒಂದು ಕಾಳು.

"ಏನಕ್ಕಾ, ಕೋಳಿ ಸಾಕ್ತೀಯಾ?" ಎಂದು ಅವನು ನಕ್ಕ.

"ಹೂಂ, ನಿನ್ನ ಬಸ್ಸು ಅನ್ನೋ ಕೋಳಿ. ಎಷ್ಟು ತಿನ್ನುತ್ತೆ ನೋಡ್ತಿದೀನಿ."

ಶಾಲೆ ಮುಟ್ಟುವ ಹೊತ್ತಿಗೆ ಡಬ್ಬಿಯಲ್ಲಿ ನಲವತ್ತೆಂಟು ಕಾಳು. ಸೆಫೆರಿನೊನ ನಗು ಅಲ್ಲಿಗೆ ನಿಂತಿತು.

ಮಧ್ಯಾಹ್ನ ಆ ಡಬ್ಬಿ ಹಿಡಿದು ಸುನಿಲ್ಡಾ ನನ್ನನ್ನೂ ಎಳೆದುಕೊಂಡು ಸತುರ್ನಿನಾ ಅಜ್ಜಿಯ ಮನೆಗೆ ಹೊರಟಳು. ನಮ್ಮ ಕಡೆಯ ರೂಢಿಯಂತೆ ಗೇಟಿನ ಹೊರಗೆ ನಿಂತು ಚಪ್ಪಾಳೆ ತಟ್ಟಿ ಕರೆದೆವು. ಅಜ್ಜಿ ಒಳಗೆ ಕರೆದು ಕುರ್ಚಿ ಹಾಕಿದರು. ಜಗಲಿಯ ಮೂಲೆಯಲ್ಲಿ ನಿಮಿಯಾ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು.

ಸುನಿಲ್ಡಾ ಹತ್ತು ಕಾಳು ಎಣಿಸಿ ಮೇಜಿನ ಮೇಲಿಟ್ಟಳು. "ಅಜ್ಜಿ, ಇದು ನಿಮ್ಮ ಗೇಟಿಂದು."

"ನಮ್ಮೊಬ್ಬರದೇ ಹತ್ತಾ?"

"ನಿಮ್ಮದು ಕೊನೆ ಮುಚ್ಚಿದ ಓಣಿ. ಮಾಟೆ ಕುಡಿಯೋದು ಬಿಡಿ, ಎತ್ತಿನ ಗಾಡಿ ಅಡ್ಡ ಇದ್ರೆ ಅದು ಸರಿಯೋವರೆಗೂ ಕಾಯ್ಬೇಕು. ಆಮೇಲೆ ಕೆಸರಲ್ಲಿ ಹಿಂದೆ ಮುಂದೆ ಮಾಡಿ ತಿರುಗಿಸ್ಬೇಕು, ಆ ಡೀಸೆಲ್ ಈ ಲೆಕ್ಕದಲ್ಲೇ ಇಲ್ಲ. ಕೂಡುರಸ್ತೆವರೆಗೆ ಹುಡುಗಿ ನಡ್ಕೊಂಡು ಬಂದ್ರೆ ಏಳು ನಿಮಿಷ."

ಅಜ್ಜಿಯ ಮುಖ ಕೆಂಪಾಯಿತು. "ನನ್ನ ಗಂಡ ಸತ್ತ ವರ್ಷಾನೂ ಬಸ್ಸು ನನ್ನ ಗೇಟಿಗೇ ಬಂದಿದೆ. ಈಗ ಮೊಮ್ಮಗಳನ್ನ ರಸ್ತೇಲಿ ನಿಲ್ಲಿಸ್ಲಾ? ಊರೋರು ಏನಂತಾರೆ, ಮುದುಕಿಗೆ ಗತಿಯಿಲ್ಲ ಅನ್ನಲ್ವಾ?"

"ಎಲ್ಲರೂ ನಿಲ್ಲಿಸಿದ್ರೆ ಯಾರು ಯಾರಿಗೆ ಅಂತಾರೆ?"

"ಬೆಳಿಗ್ಗೆ ಕತ್ತಲೆ ಇರುತ್ತೆ ಕಣೇ. ಹಳ್ಳದ ಮೇಲೆ ಒಂದೇ ಹಲಗೆ. ದಾರಿ ಪಕ್ಕದ ಮಿಲ್ಲಿನ ನಾಯಿಗಳು ಬೇರೆ."

ಈ ಭಯ ಸುಳ್ಳಲ್ಲ. ನನಗೂ ಇದೇ ಭಯ. ಸುನಿಲ್ಡಾ ಅದನ್ನು ತಳ್ಳಿಹಾಕಲಿಲ್ಲ. "ಅದಕ್ಕೇ ಒಬ್ಬೊಬ್ಬರೇ ಹೋಗ್ಬಾರದು ಅನ್ನೋದು. ಈ ಕಡೆ ಆರು ಮಕ್ಕಳು, ಒಟ್ಟಿಗೆ ಹೊರಡ್ಲಿ. ಮುಂದೊಬ್ಬರು ದೊಡ್ಡವರು, ಹಿಂದೊಬ್ಬರು. ಕೈಲಿ ಟಾರ್ಚು. ಹಲಗೆ ಪಕ್ಕ ಇನ್ನೊಂದು ಹಲಗೆ ಭಾನುವಾರ ಗಂಡಸರು ಹಾಕ್ತಾರೆ. ಹದಿನೇಳು ಕಡೆ ಬದ್ಲು ಬಸ್ಸು ಐದೇ ಕಡೆ ನಿಲ್ಲುತ್ತೆ."

"ಮತ್ತೆ ಸ್ಟಾರ್ಟ್ ಆಗದೇ ಇರೋ ಬಸ್ಸು?" ನಾನು ಕೇಳಿದೆ.

"ಬ್ಯಾಟರಿ ಸತ್ತಿದೆ, ಅಷ್ಟೇ ಕಣೇ ಪೆಲಾಹಿಯಾ! ಎರಡು ತಿಂಗಳು ಸುಮ್ನೆ ಸುಟ್ಟ ಡೀಸೆಲ್ ದುಡ್ಡಲ್ಲಿ ಹೊಸಾದು ಬರ್ತಿತ್ತು. ಚಕ್ರಕ್ಕೆ ಗಾಳಿ ನೋಡಿ ಎಷ್ಟು ದಿನ ಆಯ್ತೋ. ಗಾಳಿ ಕಡಿಮೆ ಇದ್ರೂ ಡೀಸೆಲ್ ಜಾಸ್ತಿ ಕುಡಿಯುತ್ತೆ."

"ಮಾಟೆ?" ಅಜ್ಜಿ ಥಟ್ಟನೆ ಕೇಳಿದರು. "ಅವನಿಗೆ ಮಾಟೆ ಕೊಡದೆ ಕಳಿಸ್ಬೇಕಾ? ನಾನು ಯಾರ ಹತ್ರಾನೂ ಅಂಥ ಮಾತು ಕೇಳಿಸ್ಕೊಂಡಿಲ್ಲ. ಸಾಕು, ಹೊರಡಿ."

ಎದ್ದೆವು. ನನಗೆ ಸಿಟ್ಟು ಬಂದಿತ್ತು. ಅಷ್ಟರಲ್ಲಿ ನಿಮಿಯಾ ಇಸ್ತ್ರಿಪೆಟ್ಟಿಗೆ ಎತ್ತಿಟ್ಟು ಕೇಳಿದಳು:

"ಅಜ್ಜಿ, ನೀನು ಚಿಕ್ಕವಳಿದ್ದಾಗ ಅಸುನ್ಸಿಯೋನ್‌ಲಿ ಒಂದು ಮನೇಲಿ ಇದ್ಯಲ್ಲ. ಅಲ್ಲಿ ಬೆಳಿಗ್ಗೆ ನಿಂಗೆ ಯಾರು ಮಾಟೆ ಕೊಡ್ತಿದ್ರು?"

ಅಜ್ಜಿ ಮೇಜಿನ ಮೇಲಿನ ಹತ್ತು ಕಾಳನ್ನು ಬೆರಳಿನಿಂದ ಅತ್ತಿತ್ತ ಸರಿಸಿದರು.

"ಯಾರೂ ಕೊಡ್ತಿರ್ಲಿಲ್ಲ. ನಾನೇ ಎಲ್ಲರಿಗೂ ಕೊಡ್ಬೇಕಿತ್ತು. ನಿಂತ್ಕೊಂಡು."

"ಶಾಲೆ?"

"ಮೂರು ತಿಂಗಳು ಹೋದೆ." ಅಜ್ಜಿ ಬರಿಗೈಯಿಂದಲೇ ಕಣ್ಣೊರೆಸಿಕೊಂಡರು. ನಾವು ಹೇಳದೆ ಕೇಳದೆ ಗೇಟು ದಾಟಿ ಬಂದೆವು.

ಸೋಮವಾರ ಬೆಳಿಗ್ಗೆ ಮಂಜು. ಐದೇ ಕಡೆ ಬಸ್ಸು ನಿಲ್ಲಿಸಲು ಊರವರು ಒಪ್ಪಿದ ಮೇಲೆ ಅದೇ ಮೊದಲ ದಿನ. ಕೂಡುರಸ್ತೆಯಲ್ಲಿ ನಾನು ನನ್ನ ಮಗನ ಕೈ ಹಿಡಿದು ನಿಂತಿದ್ದೆ. ನಮ್ಮ ಕಡೆಯ ಮಕ್ಕಳು ಬಂದಾಗಿತ್ತು. ಕೊನೆಯ ಓಣಿಯ ಕಡೆ ಏನೂ ಕಾಣುತ್ತಿರಲಿಲ್ಲ. ದೂರದಲ್ಲಿ ಬಸ್ಸಿನ ಸದ್ದು ಕೇಳಿತು. ನನ್ನ ಕಾಲು ನಿಂತಲ್ಲಿ ನಿಲ್ಲಲಿಲ್ಲ. ಬಸ್ಸು ಬಂದೇಬಿಟ್ಟಿತು. ಸೆಫೆರಿನೊ ಎಂಜಿನ್ ಆಫ್ ಮಾಡಿದ. ಹೊಸ ಬ್ಯಾಟರಿಗೆ ಎಲ್ಲ ಮನೆಯವರೂ ದುಡ್ಡು ಹಾಕಿದ್ದೆವು. ಆ ನಿಶ್ಶಬ್ದದಲ್ಲಿ ನಾಯಿ ಬೊಗಳಿದ್ದು ಕೇಳಿತು, ಹಿಂದೆಯೇ ಅಜ್ಜಿ ಗದರಿದ್ದೂ ಕೇಳಿತು.

ಮೊದಲು ಟಾರ್ಚಿನ ಬೆಳಕು, ಆಮೇಲೆ ಆರು ಮಕ್ಕಳು. ಮುಂದೆ ದೊಣ್ಣೆ ಹಿಡಿದ ಸತುರ್ನಿನಾ ಅಜ್ಜಿ, ಕಂಕುಳಲ್ಲಿ ಬಿಸಿನೀರಿನ ಥರ್ಮಸ್ಸು. ಸೆಫೆರಿನೊ ಅಭ್ಯಾಸಬಲದಿಂದ ಕಿಟಕಿಯ ಹೊರಗೆ ಕೈ ಚಾಚಿದ.

ಅಜ್ಜಿ ಆ ಕೈಗೆ ಮೆಲ್ಲಗೆ ಒಂದು ಏಟು ಕೊಟ್ಟರು. "ಈಗಲ್ಲ ಕಣೋ. ಮಕ್ಕಳನ್ನ ಮುಟ್ಟಿಸಿ ಬಾ. ಇಲ್ಲೇ ಕೂತಿರ್ತೀನಿ, ಕುಡಿಯೋವಂತೆ ಎಷ್ಟು ಬೇಕೋ ಅಷ್ಟು."

ಅಂದು ಶಾಲೆಯ ಗಂಟೆ ಹೊಡೆಯುವ ಮೊದಲೇ ನಮ್ಮ ಮಕ್ಕಳು ಅಂಗಳದಲ್ಲಿದ್ದರು. ತಿಂಗಳ ಕೊನೆಗೆ ಡೀಸೆಲ್ ಖರ್ಚು ಮೂರರಲ್ಲಿ ಒಂದು ಪಾಲು ಇಳಿದಿತ್ತು. ಬಿಟ್ಟುಹೋದ ನಾಲ್ಕು ಮನೆಯವರಲ್ಲಿ ಮೂವರು ತಿರುಗಿ ಬಂದರು, ಎಲ್ಲರ ಪಾಲೂ ಹಗುರಾಯಿತು. ನಿಮಿಯಾ ಎಲ್ಲಿಗೂ ಹೋಗಲಿಲ್ಲ. ಕಿಟಕಿಯ ಪಕ್ಕ ಕೂತು ದಿನವೂ ಅಜ್ಜಿಗೆ ಕೈ ಬೀಸುತ್ತಾಳೆ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಿನ ಶಾಲಾ ಬಸ್ಸು ದುಬಾರಿಯಾಯಿತೆಂದು ಮಗುವನ್ನು ಬಿಡಿಸುವ ಮುಂಚೆ ಒಂದು ಬೆಳಿಗ್ಗೆ ಅದನ್ನು ಹತ್ತಿ. ಮಡಿಲಲ್ಲಿ ಒಂದು ಹಿಡಿ ಕಾಳಿರಲಿ. ಅದು ಎಲ್ಲೆಲ್ಲಿ ಸುಮ್ಮನೆ ನಿಲ್ಲುತ್ತದೆ, ಯಾರಿಗಾಗಿ ಓಣಿ ಹೊಕ್ಕು ತಿರುಗುತ್ತದೆ, ಚಕ್ರದಲ್ಲಿ ಗಾಳಿ ಇದೆಯೇ, ನೋಡಿ. ನಂತರ ನೆರೆಯವರನ್ನು ಕರೆದು, ಮಕ್ಕಳೆಲ್ಲ ಒಟ್ಟಿಗೆ ನಿಲ್ಲುವ ಒಂದು ಜಾಗ ಗೊತ್ತುಮಾಡಿ. ಅಲ್ಲಿಯವರೆಗೆ ಮಕ್ಕಳ ಜೊತೆ ನಡೆಯಲು ಯಾರೂ ಸಿಗದಿದ್ದರೆ ನೀವೇ ನಡೆಯಿರಿ. ಏಳೇ ನಿಮಿಷದ ದಾರಿ.