ಲಾಂಡ್ರಿಯವನ ದನಿ

ನನ್ನ ಗಂಡ ಟೇಗ್ಯು ಸತ್ತು ವರ್ಷ ತುಂಬುವ ಹೊತ್ತಿಗೆ ನನ್ನ ಬಳಿ ಅವನ ದನಿ ಉಳಿದಿರಲಿಲ್ಲ. ಅಪಘಾತದಲ್ಲಿ ಫೋನು ಹೋಯಿತು, ಅದರಲ್ಲಿದ್ದುದೆಲ್ಲ ಹೋಯಿತು. ಇದ್ದದ್ದು ಒಂದೇ, ಅವನು ಕೊನೆಗೆ ನಟಿಸಿದ್ದ ಟಿವಿ ಧಾರಾವಾಹಿಯ ಒಂದು ಕಂತು. ಅದಕ್ಕೆ ಮುಂಚೆ ಪರದೆಯ ಮೇಲೆ ಅವನು ಎರಡು ಸಲ ಹೆಣವಾಗಿದ್ದ, ಒಂದು ಸಲ ಬಾಯಿ ಬಿಡದ ಅಡುಗೆಯವನಾಗಿದ್ದ. ಮಾತಿದ್ದ ಪಾತ್ರ ಇದೊಂದೇ.

ಕಂತು ವರ್ಷದ ತಿಥಿಯ ವಾರವೇ ಬಂದಿತ್ತು. ತಿಥಿಯವರೆಗೆ ಯಾರೂ ನೋಡಕೂಡದೆಂದು ಅತ್ತೆಯ ಕಟ್ಟಪ್ಪಣೆ.

"ಮೊದ್ಲು ಅವ್ನು ನೋಡ್ಲಿ," ಅಂದಿದ್ದರು.

ನಮ್ಮ ಕೊರಿಯನ್ನರ ತಿಥಿಯಲ್ಲಿ ಅನ್ನಕ್ಕೆ ಚಮಚ ಚುಚ್ಚಿಟ್ಟು, ಬಾಗಿಲು ಮುಚ್ಚಿ, ನಾವೆಲ್ಲ ಹೊರಗೆ ಕಾಯಬೇಕು. ಸತ್ತವರು ಒಬ್ಬರೇ ಉಣ್ಣುತ್ತಾರೆ. ಮೈದುನ ಇನ್‌ಹ್ವಾನ್ ಈ ಸಲ ಎಡೆಯ ಎದುರಿಗೆ ಟಿವಿಯಲ್ಲಿ ಆ ಕಂತು ಹಚ್ಚಿಟ್ಟು ಬಾಗಿಲೆಳೆದ.

"ಟಿವಿ ಇಲ್ದೆ ಅಣ್ಣಂಗೆ ತುತ್ತು ಇಳೀತಿರ್ಲಿಲ್ಲ, ಅಲ್ವಾ ಅತ್ಗೆ?"

ಮೂವರೂ ಅಡುಗೆಮನೆಯಲ್ಲಿ ನಿಂತೆವು. ಎಳ್ಳೆಣ್ಣೆ ಮತ್ತು ಹುರಿದ ಮೀನಿನ ವಾಸನೆ. ಅತ್ತೆ ಬಾಗಿಲಿಗೆ ಕಿವಿ ಹಚ್ಚಿದರು.

ಅದರಲ್ಲಿ ಟೇಗ್ಯುವಿನದು ಲಾಂಡ್ರಿಯವನ ಪಾತ್ರ. ಮಾವ ಅಮೆರಿಕಕ್ಕೆ ಬಂದು ಇದೇ ಗಾರ್ಡನ್ ಗ್ರೋವ್‌ನಲ್ಲಿ ಸಾಯುವವರೆಗೆ ಲಾಂಡ್ರಿ ನಡೆಸಿದವರು. ಗಿರಾಕಿಗಳು ಅವರ ಇಂಗ್ಲಿಷನ್ನು ಅವರ ಎದುರಿಗೇ ಅಣಕಿಸುತ್ತಿದ್ದರಂತೆ. ಪಕ್ಕದಲ್ಲಿ ನಿಂತ ಟೇಗ್ಯುವೂ ನಗುತ್ತಿದ್ದನಂತೆ. ಚಿತ್ರೀಕರಣದಲ್ಲಿ ಟಿವಿಯವರು ಅಂಥದೇ ಹರಕು ಇಂಗ್ಲಿಷ್ ಮಾತಾಡು ಅಂದಾಗ ಅವನು ಒಪ್ಪಲಿಲ್ಲ. ಲಾಂಡ್ರಿಯವನೂ ಈ ಊರಲ್ಲೇ ಹುಟ್ಟಿರಬಾರದೇ ಎಂದು ಬೆಳಗ್ಗೆಯೆಲ್ಲ ವಾದಿಸಿದ. ಅವರು ಸೋತರು. ಆ ಸಂಜೆ ಮನೆಗೆ ಬಂದು ನಿಂತುಕೊಂಡೇ ಉಂಡ.

"ನನ್ ದನೀಲೇ ಹೇಳ್ದೆ ಕಣೇ," ಅಂದ.

ಇಲ್ಲೇ ಹುಟ್ಟಿ ಬೆಳೆದವರ ಆ ಸಲೀಸು ದನಿ ಅತ್ತೆಗೆ ಎಂದೂ ಸೇರಿರಲಿಲ್ಲ. ಚರ್ಚಿನ ಹೆಂಗಸರು, ನಿನ್ ಮಗನ ಮುಖ ನಮ್ದು, ನಾಲಿಗೆ ಬಿಳಿಯರದು ಎಂದು ಅತ್ತೆಯನ್ನು ಚುಚ್ಚುತ್ತಿದ್ದರು. ಟಿವಿಯವರಿಗೆ ಅದೇ ನಾಲಿಗೆ ಸುಳ್ಳೆನಿಸುತ್ತಿತ್ತು.

ಬಾಗಿಲಾಚೆ ಟಿವಿಯಲ್ಲಿ ಅಂಗಡಿಯ ಗಂಟೆ ಬಾರಿಸಿತು. ಆಮೇಲೆ ದನಿ.

"ನಾಳೆ ಬಾ. ಶರ್ಟು... ಇವತ್ತು ಇಲ್ಲ ಆಗಿದೆ."

ದಪ್ಪ ದನಿ. ಒಂದೊಂದು ಮಾತನ್ನೂ ಬಾಯೊಳಗೆ ಹೊರಳಿಸಿ ಉಗುಳುತ್ತಿತ್ತು. ಅವನು ಮಣ್ಣಾದ ಮೇಲೆ ಟಿವಿಯವರು ಯಾರನ್ನೋ ಕರೆಸಿ ಅವನ ಬಾಯಿಗೆ ಬೇರೆ ದನಿ ಹಾಕಿಸಿದ್ದರು. ನಮ್ಮನ್ನು ಕೇಳಿರಲಿಲ್ಲ.

ಇನ್‌ಹ್ವಾನ್ ನನ್ನ ಮುಖ ನೋಡಿದ. ಆಮೇಲೆ ನೆಲ ನೋಡಿದ.

"ಕೇಳ್ದ್ಯಾ? ಥೇಟ್ ಅವರಪ್ಪ," ಅತ್ತೆ ಅಂದರು. "ನಿನ್ ಜೊತೆ ಇದ್ದಷ್ಟು ದಿನ ಅವ್ನ ಬಾಯಲ್ಲಿ ಇಂಥದ್ದೊಂದು ಬರ್ಲಿಲ್ಲ."

"ಅಮ್ಮಾ, ಬಿಡು."

"ಯಾಕೋ ಬಿಡ್ಲಿ? ಯೂನಿವರ್ಸಿಟಿ ಓದಿದ ಸೊಸೆ. ಗಂಡನ್ನ ಮಣ್ಣು ಮಾಡೋವಾಗ ಗಡಿಯಾರ ನೋಡ್ತಿದ್ಲು."

ನೋಡುತ್ತಿದ್ದುದು ನಿಜ.

"ಅತ್ತೆ, ಅದು ಟೇಗ್ಯು ದನಿ ಅಲ್ಲ. ಬೇರೆಯವ್ರ ಹತ್ರ ಮಾತಾಡ್ಸಿ ಹಾಕಿದಾರೆ."

ನೋಯಲೆಂದೇ ಹೇಳಿದೆ.

ಅವರು ಬಾಗಿಲಿನಿಂದ ಕಿವಿ ತೆಗೆಯಲಿಲ್ಲ.

"ಗೊತ್ತು. ಹೆತ್ತೋಳಿಗೆ ಗೊತ್ತಾಗಲ್ವಾ? ಅವ್ನ ದನಿ ಹುಟ್ಟಿದಾಗಿಂದ ಕೇಳಿದೀನಿ. ಅಪ್ಪನ್ನ ನೋಡಿ ನಗ್ತಿದ್ದ ದನಿ. ನಂಗೆ ಇದೇ ಸಾಕು."

ಇನ್‌ಹ್ವಾನ್ ಪದ್ಧತಿಯಂತೆ ಮೂರು ಸಲ ಕೆಮ್ಮಿ ಬಾಗಿಲು ತೆರೆದ. ಅನ್ನ ಆರಿತ್ತು. ಪರದೆಯ ಮೇಲೆ ಟೇಗ್ಯು ಅಂಗಿಯೊಂದನ್ನು ಮಡಿಸುತ್ತ ಮಾತಾಡುತ್ತಿದ್ದ. ಅವನ ತುಟಿ ಮುಚ್ಚಿದ ಮೇಲೂ ಆ ದನಿ ಒಂದು ಗಳಿಗೆ ಉಳಿಯುತ್ತಿತ್ತು.

ನಾನು ರಿಮೋಟ್ ತೆಗೆದುಕೊಂಡು ದನಿ ನಿಲ್ಲಿಸಿದೆ. ತುಟಿಗಳು ಮಾತ್ರ ಆಡಿದವು, ಬೇಗ ಬೇಗ, ಸಲೀಸಾಗಿ, ಮನೆಯಲ್ಲಿ ನನ್ನನ್ನು ಕಾಫಿ ಕೇಳುತ್ತಿದ್ದ ಹಾಗೆ. ನಾನು ಪರದೆಯ ಹತ್ತಿರ ಹೋದೆ. ಒಂದು ಮಾತು ಗುರುತು ಸಿಕ್ಕಿತು. ಇನ್ನೊಂದೂ ಸಿಗುವುದರಲ್ಲಿತ್ತು.

ಅತ್ತೆ ನನ್ನ ಕೈಯಿಂದ ರಿಮೋಟ್ ಕಿತ್ತುಕೊಂಡು ದನಿ ಏರಿಸಿದರು.